ಖಳನ ಹೆಗಲಿಗೊಂದು ಟವೆಲ್

ನನ್ನದು ಶಾಮಿಯಾನದ ಕಸುಬು. ಶಿರಸಿಯಲ್ಲಿ ಅಂಗಡಿ, ಊರ ಹೊರಗೊಂದು ಗೋದಾಮು. ಮದುವೆ, ಗೃಹಪ್ರವೇಶ, ಸೊಸೈಟಿಯ ವಾರ್ಷಿಕ ಸಭೆ, ಯಕ್ಷಗಾನ, ನಾಟಕ, ಹೀಗೆ ಎಲ್ಲಿ ನಾಲ್ಕು ಜನ ಕೂಡುತ್ತಾರೋ ಅಲ್ಲಿ ನನ್ನ ಕುರ್ಚಿ, ನನ್ನ ಮೈಕು, ನನ್ನ ದೀಪ. ಬೇರೆಯವರ ಶಾಮಿಯಾನಕ್ಕೆ ಗೂಟ ಹೊಡೆಯುವ ಕೂಲಿಯಾಗಿ ಶುರು ಮಾಡಿದವನು ನಾನು. ಇವತ್ತು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ನನ್ನ ಲಾರಿ ಓಡಾಡುತ್ತದೆ. ಜಂಬಕ್ಕೆ ಹೇಳುತ್ತಿಲ್ಲ. ಮನುಷ್ಯರನ್ನು ಓದಲು ಬಾರದವನು ಈ ಕಸುಬಿನಲ್ಲಿ ಒಂದು ಮಳೆಗಾಲವನ್ನೂ ದಾಟಲಾರ ಎಂಬುದಕ್ಕೆ ಹೇಳಿದೆ. ದರ ಮಾತಾಡುವಾಗ ಎದುರಿನವನ ಬಾಯಿ ನೋಡಬೇಡಿ, ಕೈ ನೋಡಿ. ಹೆಗಲ ಮೇಲಿನ ಟವೆಲನ್ನು ತೆಗೆದು ಇನ್ನೊಂದು ಹೆಗಲಿಗೆ ಹಾಕಿಕೊಂಡನೆಂದರೆ ಅವನು ಒಪ್ಪಿಯಾಗಿದೆ, ಇನ್ನು ಬರೀ ಮರ್ಯಾದೆಗೆ ಎಳೆಯುತ್ತಿದ್ದಾನೆ. ಹೊಸಬರು ಯಾರಾದರೂ ಈ ಕಸುಬಿಗೆ ಇಳಿಯುವುದಿದ್ದರೆ ಇದೊಂದನ್ನು ನೆನಪಿಡಿ.

ಇಷ್ಟೆಲ್ಲ ಬಲ್ಲೆ ಎಂದುಕೊಂಡಿದ್ದ ನನಗೆ ಕಳೆದ ಸುಗ್ಗಿ ಮುಗಿದ ಮೇಲೆ ನಡೆದ ಒಂದು ಸಂಗತಿ ಇನ್ನೂ ಬಗೆಹರಿದಿಲ್ಲ. ಬರೆದರೆ ಬಗೆಹರಿದೀತು ಎಂದು ಕುಳಿತಿದ್ದೇನೆ.

ಮೊದಲು ಸಿನೆಮಾದ ವಿಷಯ. ನಮ್ಮ ಮದುವೆಯಾದ ಹೊಸತರಲ್ಲಿ ನಾನೂ ಹೆಂಡತಿಯೂ ಒಬ್ಬ ನಾಯಕನಟನ ಚಿತ್ರ ಬಂದರೆ ತಪ್ಪಿಸುತ್ತಿರಲಿಲ್ಲ. ತಾಯಿಯ ಕಾಲಿಗೆ ಬೀಳುವವನು, ತಂಗಿಯ ಮದುವೆಗೆ ಮೂಟೆ ಹೊರುವವನು. ಈಚೆಗೆ ಅದೇ ನಟ ಗಡ್ಡ ಬಿಟ್ಟು, ಒಂದು ಕಣ್ಣಿಗೆ ಬಿಳಿ ಹೂವು ಬಂದವನಂತೆ ಮಾಡಿಕೊಂಡು, ಕೊಡಲಿ ಹಿಡಿದು ಬಂದ. ಹುಡುಗರೆಲ್ಲ ಸಿಳ್ಳೆ ಹೊಡೆದರು. ನನ್ನ ಹೆಂಡತಿ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಕುಳಿತಿದ್ದಳು.

“ಇವಂಗೇನ ದಾಡಿ ಬಂತು?” ಎಂದಳು.

“ವಯಸ್ಸಾತು. ಹೀರೋ ಪಾರ್ಟು ಯಾರು ಕೊಡ್ತಾರ? ಇದು ಈಗಿನ ಪದ್ಧತಿ. ಹಳೇ ಹೀರೋಗಳೆಲ್ಲಾ ಖಳ ಆಗಾಕತ್ಯಾರ.”

“ಹಂಗಾದ್ರ ಅವಾಗ ಒಳ್ಳೆಯವನಾಗಿ ಮಾಡಿದ್ದು?”

“ಅದೂ ನಾಟಕ, ಇದೂ ನಾಟಕ.”

“ಮತ್ತ ನಾ ಅವಾಗ ಅತ್ತಿದ್ದು?”

ಟಿಕೆಟಿಗೆ ಚೌಕಾಸಿ ಇಲ್ಲದ ಜಾಗದಲ್ಲಿ ನನ್ನ ಬುದ್ಧಿ ಅಷ್ಟಾಗಿ ಓಡುವುದಿಲ್ಲ.

ಯಕ್ಷಗಾನದಲ್ಲಿ ಇದು ಹೊಸದೇನಲ್ಲ. ಸಿದ್ದಾಪುರದ ಕಡೆ ಒಂದು ಆಟಕ್ಕೆ ಮೈಕು ಕಟ್ಟಲು ಹೋಗಿದ್ದೆ. ಬಹಳ ವರ್ಷ ರಾಜಕುಮಾರನ ವೇಷ ಮಾಡಿದ ಕಲಾವಿದರು ಅಂದು ರಾಕ್ಷಸನ ಬಣ್ಣ ಹಚ್ಚಿದ್ದರು. ಆಟ ಮುಗಿದ ಮೇಲೆ ನನ್ನ ಪಕ್ಕ ಕುಳಿತಿದ್ದ ಹವ್ಯಕರ ಅಜ್ಜಿಯೊಬ್ಬರನ್ನು ಕೇಳಿದೆ, “ಹೆಂಗಿತ್ತು ಅಮ್ಮಾ?”

“ಚೊಲೋ ಇತ್ತು. ಆದ್ರೆ ಅಂವ ಕೆಟ್ಟವ ಹೇಳಿ ಎಂಗೆ ಅನ್ಸಿದ್ದೇ ಇಲ್ಲೆ. ಕಣ್ಣು ಹಳೇದೇ ಇದ್ದಲಾ” ಎಂದರು.

ಬಣ್ಣದ ಅಡಿ ಇರುವ ಕಣ್ಣು ಎಷ್ಟು ವರ್ಷ ನೋಡಿದವರಿಗೆ ಕಾಣಬಹುದು? ಅದನ್ನೂ ಆಗ ತಲೆಗೆ ಹಚ್ಚಿಕೊಳ್ಳಲಿಲ್ಲ. ವೈರು ಸುತ್ತುವ ಅವಸರವಿತ್ತು.

ಈಗ ನನ್ನ ಭಾವನ ವಿಷಯ. ನನ್ನ ಅಕ್ಕನನ್ನು ಕೊಟ್ಟದ್ದು ಗುಡ್ನಾಪುರದ ಆಚೆಯ ಒಂದು ಹಳ್ಳಿಗೆ. ಅಲ್ಲಿ ಅನಾನಸು, ಭತ್ತ, ಗೋವಿನಜೋಳ. ಮಾತು ಶಿರಸಿಗಿಂತ ಹಾನಗಲ್ಲಿನ ಕಡೆ ವಾಲುತ್ತದೆ. ಸುಗ್ಗಿ ಮುಗಿದ ಮೇಲೆ ಪ್ರತಿವರ್ಷ ಊರವರೇ ಸೇರಿ ಒಂದು ಸಾಮಾಜಿಕ ನಾಟಕ ಆಡುತ್ತಾರೆ. ನಾಟಕ ಬರೆದು ಕಲಿಸುವ ಹಾರ್ಮೋನಿಯಂ ಮಾಸ್ತರರು ಹಾವೇರಿ ಕಡೆಯಿಂದ ಬರುತ್ತಾರೆ, ಹೆಣ್ಣು ಪಾತ್ರದವರು ಗದಗಿನಿಂದ. ನಾಯಕ ಮಾತ್ರ ಯಾವಾಗಲೂ ನನ್ನ ಭಾವ. ಎತ್ತರದ ಆಳು, ಅಗಲ ಹಣೆ, ಕೈ ಮುಗಿದರೆ ನೋಡುವವರಿಗೆ ಕರುಳು ಕಿವುಚಬೇಕು ಅಂಥ ಮುಖ. ನಾಟಕದಲ್ಲಿ ಎಲ್ಲ ಅನ್ಯಾಯವನ್ನೂ ನುಂಗಿ ಕೊನೆಯ ಸೀನಿನಲ್ಲಿ ಎಲ್ಲರನ್ನೂ ಕ್ಷಮಿಸುವವನು. ಹೊರಗೂ ಹಾಗೆಯೇ. ಯಾರೂ ಅವನ ದನಿ ಏರಿದ್ದನ್ನು ಕೇಳಿದವರಿಲ್ಲ. ನಾನು ಹಳೆಯ ಜನರೇಟರ್ ಕೊಳ್ಳಲು ಹೋಗುವಾಗ ಅವನನ್ನು ಜೊತೆಗೆ ಕರೆದೊಯ್ದದ್ದಿದೆ. ಸುಮ್ಮನೆ ಪಕ್ಕದಲ್ಲಿ ಕುಳಿತರೆ ಸಾಕು, ಮಾರುವವನು ತಾನಾಗಿ ಇಳಿದು ಬರುತ್ತಿದ್ದ. ಒಳ್ಳೆಯ ಮುಖದವರು ಸಂಬಂಧದಲ್ಲಿ ಯಾರಾದರೂ ಇದ್ದರೆ ವ್ಯಾಪಾರಕ್ಕೆ ಜೊತೆಗಿರಲಿ, ಬಾಯಿ ಮಾತ್ರ ತೆಗೆಯಬಾರದು ಎಂದು ಮೊದಲೇ ಹೇಳಿರಿ.

ಭಾವನಿಗೆ ಒಬ್ಬ ಅಣ್ಣ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅವರ ಅಪ್ಪ ತೀರಿಕೊಂಡ ಮೇಲೆ ಪಾಲಾಯಿತು. ಊರ ಹಿರಿಯರು ಕುಳಿತು ಕೆರೆದಂಡೆಯ ಹೊಲವನ್ನು ತಮ್ಮನಿಗೆ ಬರೆದರು. ಭಾವ ಅಲ್ಲಿ ಒಂದು ಮಾತೂ ಆಡಲಿಲ್ಲ. ಕೈ ಮುಗಿದು ಕುಳಿತ, “ಹಿರ್ಯಾರು ಹೇಳಿದಂಗ” ಅಂದ, ಅಷ್ಟೇ. ಅಣ್ಣ ಎದ್ದು ಹೋದವನು ಅಂದಿನಿಂದ ತಮ್ಮನ ಜೊತೆ ಮಾತು ಬಿಟ್ಟ. ಜಗಳವಿಲ್ಲ, ಕೋರ್ಟಿಲ್ಲ, ಬರೀ ಮಾತಿಲ್ಲ. ಗೋಡೆಯ ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಸೀನುತ್ತಾರೆ, ಆದರೂ ಮಾತಿಲ್ಲ.

ವರ್ಷಕ್ಕೆ ಒಂದೇ ಒಂದು ಸಲ ಇಬ್ಬರೂ ಎದುರುಬದುರಾಗುತ್ತಿದ್ದರು. ಅದು ನಾಟಕದ ರಂಗದ ಮೇಲೆ. ಆ ಕಡೆಯ ನಾಟಕ ನೋಡಿದವರಿಗೆ ಆಯೇರಿ ಗೊತ್ತು. ಪಾತ್ರ ಮೆಚ್ಚಿದವರು ಸೀನು ನಡೆಯುತ್ತಿರುವಾಗಲೇ ರಂಗ ಹತ್ತಿ ಪಾತ್ರಧಾರಿಯ ಹೆಗಲಿಗೆ ಟವೆಲ್ ಹಾಕಿ, ಕೈಗೆ ತೆಂಗಿನಕಾಯಿ ಕೊಡುತ್ತಾರೆ. ನಾಟಕ ಅಲ್ಲಿಗೇ ನಿಲ್ಲುತ್ತದೆ. ಅಳುತ್ತಿದ್ದ ನಾಯಕಿ ಅಳು ನಿಲ್ಲಿಸಿ ನಿಂತಿರುತ್ತಾಳೆ. ಮೈಕಿನಲ್ಲಿ ಇಂಥವರ ಕಡೆಯಿಂದ ಎಂದು ಸಾರುತ್ತಾರೆ. ಅವರು ಕೆಳಗಿಳಿದ ಮೇಲೆ ನಾಯಕಿ ಮತ್ತೆ ಅಳಲು ಶುರು ಮಾಡುತ್ತಾಳೆ. ಭಾವನ ಅಣ್ಣ ಪ್ರತಿವರ್ಷ ಕೊನೆಯ ಸೀನಿನಲ್ಲಿ ಹಸಿರು ಅಂಚಿನ ಒಂದು ಬಿಳಿ ಟವೆಲ್ ಹಿಡಿದು ಹತ್ತುತ್ತಿದ್ದ. ಹೆಸರು ಹೇಳಬಾರದೆಂದು ಮೊದಲೇ ತಾಕೀತು. ಹಾಗಾಗಿ ಮೈಕಿನವನು, “ಪಾತ್ರ ಮೆಚ್ಚಿ, ಊರಿನ ಒಬ್ಬ ಅಭಿಮಾನಿಯಿಂದ” ಎನ್ನುತ್ತಿದ್ದ. ಇಡೀ ಊರಿಗೆ ಗೊತ್ತಿದ್ದ ಅಭಿಮಾನಿ. ನಾಯಕನಾದವನು ಹಿರಿಯರ ಕಾಲು ಮುಟ್ಟಲೇಬೇಕಲ್ಲ, ಭಾವ ಬಗ್ಗಿ ಮುಟ್ಟುತ್ತಿದ್ದ. ಅಣ್ಣ ಅವನ ತಲೆಯ ಮೇಲೆ ಕೈ ಇಟ್ಟ ಹಾಗೆ ಮಾಡಿ ಇಳಿದು ಹೋಗುತ್ತಿದ್ದ. ಮನೆಯಲ್ಲಿ ಆಗದ್ದು ಅಲ್ಲಿ ಆಗುತ್ತಿತ್ತು. ಪಾತ್ರಕ್ಕೆ ಮಾಡಿದ್ದು, ತಮ್ಮನಿಗಲ್ಲ ಎಂದು ಅಣ್ಣ ಹೇಳಿಕೊಳ್ಳಬಹುದಿತ್ತು. ಅಣ್ಣನ ಕಾಲಲ್ಲ, ಅಭಿಮಾನಿಯ ಕಾಲು ಎಂದು ತಮ್ಮ ಹೇಳಿಕೊಳ್ಳಬಹುದಿತ್ತು. ಆ ಟವೆಲುಗಳನ್ನು ಭಾವ ಒಂದು ದಿನವೂ ಬಳಸಿದವನಲ್ಲ. ಅಕ್ಕ ಟ್ರಂಕಿನಲ್ಲಿ ಮಡಚಿ ಇಟ್ಟಿದ್ದಾಳೆ.

ಕಳೆದ ವರ್ಷ ನಾನು ಯಲ್ಲಾಪುರದಲ್ಲಿ ಒಂದು ಮದುವೆಯ ಮಂಟಪ ಕಟ್ಟಿಸುತ್ತಿದ್ದಾಗ ಅಕ್ಕನ ಫೋನು ಬಂತು.

“ತಮ್ಮಾ, ಈ ವರ್ಷ ಇವರಿಗೆ ಹೀರೋ ಪಾರ್ಟ್ ಇಲ್ಲಂತ.”

“ಒಳ್ಳೇದಾತಲ್ಲಕ್ಕಾ. ಹೊಟ್ಟಿ ಬಂದೈತಿ, ಎರಡು ಹಲ್ಲು ಕಟ್ಟಿಸಿದ್ದು. ಹೀರೋಯಿನ್ ನೋಡಿದ್ರ ಇವನ ಮಗಳ ವಾರಗಿ ಇರತಾಳ.”

“ಪಾರ್ಟ್ ಇಲ್ಲ ಅಂದ್ರ ನಾ ಯಾಕ ಫೋನ್ ಮಾಡ್ತಿದ್ದೆ? ಖಳ ಮಾಡಬೇಕಂತ. ಮಾಸ್ತರು ಹೇಳ್ಯಾರ, ಈಗ ಸಿನೆಮಾದಾಗ ಎಲ್ಲಾ ಹೀರೋಗಳೂ ಖಳ ಆಗಾಕತ್ಯಾರ, ಜನಕ್ಕ ಅದ ಬೇಕು ಅಂತ.”

“ಮಾಡ್ಲಿ ಬಿಡು.”

“ನಿನ್ನ ತಲಿ. ಆ ನಾಟಕದಾಗ ಖಳ ಯಾರನ್ನ ಮನಿ ಬಿಟ್ಟು ಹೊರಗ ಹಾಕ್ತಾನ ಗೊತ್ತೈತೇನು? ತನ್ನ ಸ್ವಂತ ಅಣ್ಣನ್ನ.”

ಕೈಯಲ್ಲಿದ್ದ ಹಗ್ಗವನ್ನು ಆಳಿಗೆ ಕೊಟ್ಟು ಬದಿಗೆ ಬಂದೆ. ಅಕ್ಕನ ದನಿ ಸಣ್ಣಗಾಯಿತು. “ಆ ಟವೆಲ್ ಒಂದ ಇತ್ತು ತಮ್ಮಾ, ಈ ಎರಡು ಮನಿ ನಡುವ. ಅದೂ ತಪ್ಪಿತು ಅಂದ್ರ ಮುಂದ ಯಾರಾದ್ರೂ ಸತ್ರ ಬರಬೇಕು, ಅಷ್ಟ. ನೀ ಏನಾದ್ರೂ ಮಾಡು.”

ಏನಾದರೂ ಮಾಡು ಎಂದರೆ ನಾನು ಮಾಡುವವನೇ. ಮೊದಲು ಭಾವನಿಗೇ ಫೋನು ಹಚ್ಚಿ ಪಾತ್ರ ಬಿಡು ಎಂದೆ. ಅವನು ಎಂದಿನಂತೆ, “ಮಾಸ್ತರು ಹೇಳಿದಂಗ” ಅಂದ. ಆಮೇಲೆ ತಡೆದು, “ಒಮ್ಮೆ ಮಾಡಿ ನೋಡೂಣಂತ ನಂಗೂ ಅನಸೈತಿ” ಎಂದ. ಇಷ್ಟು ವರ್ಷದಲ್ಲಿ ಅವನು ತನಗೆ ಅನಿಸಿದ್ದನ್ನು ಹೇಳಿದ್ದು ನನಗೆ ನೆನಪಿಲ್ಲ. ಫೋನು ಇಟ್ಟೆ.

ಮುಂದಿನ ದಾರಿ ಮಾಸ್ತರರದು. ಶಾಲೆಯ ಜಗುಲಿಯಲ್ಲಿ ತಾಲೀಮು ನಡೆಯುವಲ್ಲಿಗೆ ಹೋದೆ. ಹಾರ್ಮೋನಿಯಂ ಮುಂದಿಟ್ಟುಕೊಂಡು ಎಲೆಯಡಿಕೆ ಮೆಲ್ಲುತ್ತಿದ್ದರು. ನೇರವಾಗಿ ಕೇಳಲಿಲ್ಲ. ನಿಮಗೆ ಬೇಕಾದ್ದನ್ನು ಕೇಳುವ ಮುಂಚೆ ಎದುರಿನವನಿಗೆ ಏನು ಬೇಕಾಗಿದೆ ಎಂದು ಅವನ ಬಾಯಿಂದಲೇ ಹೊರಡಿಸಬೇಕು.

“ಈ ಸಲ ಖಳನ ಎಂಟ್ರಿ ಹ್ಯಾಂಗ ಇಟ್ಟೀರಿ ಮಾಸ್ತರ?” ಎಂದೆ.

ಅವರ ಕಣ್ಣು ಮಿಂಚಿತು. “ನಿಮ್ಮ ಹಂತೇಕ ಮದುವ್ಯಾಗ ಹೊಗಿ ಬಿಡೋ ಮಷಿನ್ ಐತಂತಲ್ರಿ. ಮದುಮಕ್ಕಳು ಹಾರ ಬದಲಿ ಮಾಡೋ ಮುಂದ ಬಿಡತೀರಿ. ಅದೊಂದ ಇದ್ದಿದ್ರ.”

“ಅದನ್ನ ನಾಟಕಕ್ಕ ಕೊಡೂದಿಲ್ರಿ. ಧೂಳು ಬಡಿತೈತಿ.”

“ಬರೇ ಎಂಟ್ರಿಗೆ, ಸಾವ್ಕಾರ್ರ.”

“ನೋಡೂಣು. ನಂದೂ ಒಂದ ಮಾತೈತಿ. ಖಳ ಅಣ್ಣನ್ನ ಹೊರಗ ಹಾಕ್ತಾನಲ್ಲ, ಅದನ್ನ ಸೋದರಮಾವ ಅಂತ ಮಾಡ್ರಿ.”

ಮಾಸ್ತರರು ಎಲೆಯಡಿಕೆ ಉಗುಳಿ ಬಂದರು. “ಅಣ್ಣನ್ನ ಹಾಕಿದ್ರ ಮಂದಿ ಹಲ್ಲು ಕಡೀತಾರ. ಮಾವನ್ನ ಹಾಕಿದ್ರ ಯಾರ ಕೇಳ್ತಾರ್ರಿ?”

“ಹೊಗಿ ಎರಡು ಸಲ ಬಿಡಸ್ತೀನಿ. ಎಂಟ್ರಿಗೊಮ್ಮೆ, ಸಾಯೋ ಮುಂದ ಒಮ್ಮೆ.”

ವ್ಯವಹಾರ ಮುಗಿಯಿತು. ಅಣ್ಣನ ಪಾತ್ರಕ್ಕೆ ಇದ್ದವರು ಹಾಲಿನ ಡೇರಿಯವರು. ಇದ್ದಕ್ಕಿದ್ದಂತೆ ಸೋದರಮಾವನಾದ್ದಕ್ಕೆ ಅವರು ಮುಖ ಊದಿಸಿಕೊಂಡರು. ಭಾವ ಮಾತ್ರ ಸರಿ ಎಂದು ತಲೆಯಾಡಿಸಿದ.

ಅಂದೇ ಅವನ ತಾಲೀಮು ಮೊದಲ ಬಾರಿ ನೋಡಿದೆ. ಒಂದು ಕಾಲನ್ನು ಕುರ್ಚಿಯ ಮೇಲಿಟ್ಟು, ಸೊಂಟಕ್ಕೆ ಕೈ ಕೊಟ್ಟು, “ನಡಿ ಹೊರಗೆ” ಎಂದ. ಎಲ್ಲಿತ್ತೋ ಆ ದನಿ. ಶಾಲೆಯ ಹಂಚಿನ ಮೇಲೆ ಕುಳಿತಿದ್ದ ಪಾರಿವಾಳ ಎದ್ದವು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮನೆಗೆ ಹೋದ ಮೇಲೆ ಅಕ್ಕ ಗುಟ್ಟಾಗಿ ಹೇಳಿದಳು, “ನಿನ್ನೆ ಅದ ದನಿಯಾಗ ಚಾ ಕೇಳಿದ್ರು.”

“ನೀ ಏನ್ ಮಾಡಿದಿ?”

“ಕೊಟ್ಟೆ. ಇಷ್ಟು ವರ್ಷ ಚಾ ಬೇಕೋ ಬ್ಯಾಡೋ ಅಂತ ಕೇಳಿದ್ರ, ನಿನಗ ಹೆಂಗ ಅನುಕೂಲೋ ಹಂಗ ಅಂತಿದ್ರು. ಮೊದಲನೇ ಸಲ ಬೇಕು ಅಂದ್ರು.” ಅವಳು ಇದನ್ನು ದೂರು ಎಂದು ಹೇಳಿದಳೋ ಖುಷಿಯಾಗಿ ಹೇಳಿದಳೋ ನನಗೆ ತಿಳಿಯಲಿಲ್ಲ. ಕೇಳಿದರೆ ಅವಳಿಗೂ ತಿಳಿದಂತಿರಲಿಲ್ಲ.

ಕೆಲಸ ಅರ್ಧಕ್ಕೆ ಬಿಡುವವನಲ್ಲ ನಾನು. ನಾಲ್ಕು ದಿನ ಬಿಟ್ಟು ಗೋಡೆಯ ಆ ಕಡೆಗೂ ಹೋದೆ. ಭಾವನ ಅಣ್ಣ ಅಂಗಳದಲ್ಲಿ ಕುಳಿತು ನಾಟಿಗೆಂದು ಅನಾನಸು ಸಸಿಗಳನ್ನು ಬೇರ್ಪಡಿಸುತ್ತಿದ್ದ. ಟವೆಲ್ ತಲೆಗೆ ಸುತ್ತಿದ್ದ, ಕೈ ಕೆಲಸದಲ್ಲಿತ್ತು. ಓದಲು ಏನೂ ಸಿಗದ ಆಸಾಮಿ.

“ಬರ್ರಿ ಶಾಮಿಯಾನದ ಸಾವ್ಕಾರ್ರ. ಯಾರ ಮದುವಿ?”

“ಮದುವಿ ಇಲ್ಲ ಅಣ್ಣಾರ. ನಾಟಕ ಐತಲ್ಲ, ಕರದು ಹೋಗೂಣಂತ.”

“ಊರ ನಾಟಕಕ್ಕ ಊರವರನ್ನ ಕರಿಯಾಕ ಶಿರಸಿಂದ ಬಂದ್ರೇನು? ಡೀಸೆಲ್ ಅಗ್ಗ ಆಗೈತಿ ಅಂದಂಗಾತು.”

“ಮುಂದಿನ ಸಾಲಿನಾಗ ಮೆತ್ತನ್ನ ಕುರ್ಚಿ ಹಾಕಸ್ತೀನ್ರಿ, ಮದುಮಕ್ಕಳದು.”

“ಈ ವಯಸ್ಸಿನಾಗ ಮದುಮಗನ ಕುರ್ಚಿ ಬ್ಯಾಡ ಬಿಡ್ರಿ. ನಾ ಯಾವತ್ತೂ ಹಿಂದ ಬೇಲಿ ಕಡೆ ನಿಂತು ನೋಡಾವ.”

ಬರುತ್ತೇನೆ ಎಂದಂತಾಯಿತೋ, ಇಲ್ಲ ಎಂದಂತಾಯಿತೋ. ಇನ್ನೊಂದು ಕಡೆಯಿಂದ ಹೋದೆ. “ಈ ಸಲ ಪಾರ್ಟ್ ಅದಲಿ ಬದಲಿ ಆಗ್ಯಾವ, ಕೇಳೀರಿ?”

ಅವನು ಸಸಿಯ ಒಣಗಿದ ಎಲೆ ಕಿತ್ತ. “ಗೋಡಿ ಒಂದ ಐತ್ರಿ. ಅವನ ತಾಲೀಮು ನಮ್ಮ ಅಡಗಿಮನಿಗೆ ಕೇಳತೈತಿ. ಮೊದಲ ‘ನಡಿ ಹೊರಗ ಅಣ್ಣಾ’ ಅಂತಿದ್ದ. ಈಗ ‘ನಡಿ ಹೊರಗ ಮಾವಾ’ ಅನ್ನಾಕತ್ಯಾನ. ಅದ್ಯಾಕ?”

“ಮಾಸ್ತರು ಬದಲಿ ಮಾಡ್ಯಾರ.”

“ಮಾಸ್ತರೋ?” ಎಂದು ಮೊದಲ ಬಾರಿ ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ಮತ್ತೆ ಸಸಿಗೆ ಕೈ ಹಾಕಿದ. “ಅನಾನಸ್ ತಗೊಂಡ ಹೋಗ್ರಿ ಎರಡು. ಹುಳಿ ಇಲ್ಲ.”

ಎರಡು ಹಣ್ಣು ಹಿಡಿದುಕೊಂಡು ಬಂದೆ. ಲಾರಿಯಲ್ಲಿ ಕುಳಿತು ಯೋಚಿಸಿದೆ. ಬದಲಿ ಮಾಡಿದ್ದು ಅವನಿಗೆ ಸಮಾಧಾನವಾಯಿತೋ, ಬೇಸರವಾಯಿತೋ? ಬೇಸರ ಯಾಕಾದೀತು? ತನ್ನನ್ನು ರಂಗದ ಮೇಲೆ ಹೊರಹಾಕದಿದ್ದರೆ ಯಾರಿಗೆ ಬೇಸರ? ಅಕ್ಕನಿಗೆ ಫೋನು ಮಾಡಿ, “ಬರ್ತಾನ ಅನಸ್ತೈತಿ” ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿ, “ಬರದನೂ ಇರಬಹುದು” ಎಂದೆ. ಅಕ್ಕ, “ನೀ ವ್ಯಾಪಾರ ಹ್ಯಾಂಗ ಮಾಡ್ತಿ ಮಾರಾಯಾ?” ಎಂದಳು.

ಇನ್ನೊಂದು ಗೊಂದಲವೂ ಇತ್ತು. ಬಂದರೂ ಖಳನಿಗೆ ಆಯೇರಿ ಮಾಡುವುದು ಹೇಗೆ? ನಾಯಕನಿಗಾದರೆ ಸರಿ. ಖಳ ಬೂಟುಗಾಲನ್ನು ಕುರ್ಚಿಯ ಮೇಲಿಟ್ಟು ನಿಂತವನು. ಅವನು ಬಗ್ಗಿ ಕಾಲು ಮುಟ್ಟಿದರೆ ಜನ ನಗುತ್ತಾರೆ, ಪಾತ್ರ ಅಲ್ಲಿಗೆ ಮುಗಿಯಿತು. ಮುಟ್ಟದಿದ್ದರೆ ಅಣ್ಣನಿಗೆ ಎಲ್ಲರೆದುರು ಅವಮಾನ. ನಾನು ಭಾವನನ್ನು ಬದಿಗೆ ಕರೆದು, “ಅಣ್ಣ ಹತ್ತಿದ್ರ ಅರ್ಧ ಬಗ್ಗು, ಪೂರ್ತಿ ಬ್ಯಾಡ” ಎಂದು ಹೇಳಿಕೊಟ್ಟೆ. ಅವನು ಅರ್ಧ ಬಗ್ಗಿ ತೋರಿಸಿದ. ಸೊಂಟ ಹಿಡಿದವನ ಹಾಗೆ ಕಂಡಿತು. ಆ ಉಪಾಯವನ್ನೂ ಕೈಬಿಟ್ಟೆ.

ನಾಟಕದ ದಿನ ಸಂಜೆ ಬೆಳಕಿರುವಾಗಲೇ ಜನ ಸೇರಿದರು. ಈಗ ಬೇಗ ಶುರು ಮಾಡಿ ಬೇಗ ಮುಗಿಸಬೇಕು, ಮೈಕಿಗೆ ಪರವಾನಗಿ ಅಷ್ಟೇ ಹೊತ್ತು. ನಾಯಕನ ಪಾತ್ರಕ್ಕೆ ಜಿಮ್ಮಿಗೆ ಹೋಗುವ ಒಬ್ಬ ತರುಣ. ತೋಳು ಚೆನ್ನಾಗಿತ್ತು, ಅಳಲು ಬರುತ್ತಿರಲಿಲ್ಲ. ನಾನು ಸೈಡ್ ಪರದೆಯ ಹಿಂದೆ ಮೈಕಿನವನ ಪಕ್ಕ ಕುಳಿತೆ. ಅಕ್ಕ ಹೆಂಗಸರ ನಡುವೆ ಕುಳಿತಿದ್ದಳು, ಅವಳ ಮುಖ ರಂಗದ ಕಡೆಗಿರಲಿಲ್ಲ, ಬೇಲಿಯ ಕಡೆಗಿತ್ತು. ಬೇಲಿಯ ಬಳಿ ಜನ ನಿಂತಿದ್ದರು, ಯಾರು ಯಾರೆಂದು ದೀಪದ ಈ ಕಡೆಯಿಂದ ಕಾಣುತ್ತಿರಲಿಲ್ಲ.

ಹೊಗೆಯ ನಡುವಿನಿಂದ ಭಾವ ಬಂದ. ಮೊದಲು ಯಾರೂ ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ಎದ್ದ ಸಿಳ್ಳೆ ನನ್ನ ಸ್ಪೀಕರನ್ನೂ ಮುಚ್ಚಿ ಹಾಕಿತು. ಅವನನ್ನು ಯಾವಾಗಲೂ ದೂರದಿಂದ ನೋಡಿ ಕೈ ಮುಗಿಯುತ್ತಿದ್ದ ಹೆಂಗಸರು ಈಗ ಅವನನ್ನು ಬಾಯಿ ತುಂಬ ಬೈಯುತ್ತಿದ್ದರು, ಬೈಯುತ್ತ ಮುಂದೆ ಸರಿದು ಕುಳಿತುಕೊಳ್ಳುತ್ತಿದ್ದರು. ತರುಣ ನಾಯಕ ಕ್ಷಮೆಯ ಮಾತಾಡಿದಾಗ ಯಾರೋ, “ಸಾಕು ಕುಂದರೋ, ಅವನ್ನ ಕರಿ” ಎಂದರು.

ಆ ಸೀನು ಬಂತು. ಡೇರಿಯವರು ಗಂಟು ಹಿಡಿದು ಹೊಸ್ತಿಲ ಬಳಿ ನಿಂತರು. ಭಾವ ಬೂಟುಗಾಲು ಕುರ್ಚಿಗಿಟ್ಟ. “ಈ ಮನೆ ನನ್ನದು. ಈ ಹೊಲ ನನ್ನದು. ನಿನಗೆ ಇಲ್ಲಿ ನಿಲ್ಲಲು ನೆರಳೂ ಇಲ್ಲ. ನಡಿ ಹೊರಗೆ,” ಎಂದು ನಿಲ್ಲಿಸಿದ. ಮಾಸ್ತರರ ಹಾರ್ಮೋನಿಯಂ ಒಂದೇ ಸ್ವರದಲ್ಲಿ ಎಳೆಯುತ್ತಿತ್ತು. ಆಮೇಲೆ ಭಾವ ಹೇಳಿದ, “ಅಣ್ಣಾ.”

ಡೇರಿಯವರು ಗಂಟು ಕೆಳಗಿಟ್ಟರು. ತಾನು ಈಗ ಯಾರು ಎಂದು ಅವರಿಗೆ ತಿಳಿಯದೆ ಹೋಯಿತು. ಮಾಸ್ತರರು ನನ್ನತ್ತ ನೋಡಿದರು. ಹಳೆಯ ಮಾತು ನಾಲಿಗೆಗೆ ಬಂದುಬಿಟ್ಟಿತೋ, ಬೇಕೆಂದೇ ಆಡಿದನೋ, ಅವನ ಮುಖ ನೋಡಿ ಹೇಳುವಂತಿರಲಿಲ್ಲ. ಅದು ಅವನ ಮುಖವೇ ಆಗಿರಲಿಲ್ಲ.

ಬೇಲಿಯ ಕಡೆ ಜನ ದಾರಿ ಬಿಟ್ಟರು. ಅಣ್ಣ ಬರುತ್ತಿದ್ದ. ಕೈಯಲ್ಲಿ ಟವೆಲ್ ಇತ್ತು, ಹಸಿರು ಅಂಚಿನದೇ. ಅಂದರೆ ಮನೆಯಿಂದ ತಂದಿದ್ದ. ಆದರೆ ನಡಿಗೆ ನೋಡಿದರೆ ಹೊಡೆಯಲು ಬಂದ ಹಾಗಿತ್ತು. ಕೊನೆಯ ಸೀನಿಗೆ ಇನ್ನೂ ಬಹಳ ಹೊತ್ತಿತ್ತು, ಇದು ಅವನು ಹತ್ತುವ ಹೊತ್ತಲ್ಲ. ನಾನು ಎದ್ದು ನಿಂತೆ. ಯಾವ ಕಡೆಯಿಂದ ನಡುವೆ ಹೋಗಬೇಕು ಎಂದು ಗೊತ್ತಾಗಲಿಲ್ಲ.

ಅವನು ಮೆಟ್ಟಿಲು ಹತ್ತಿ ತಮ್ಮನ ಎದುರು ನಿಂತ. ಭಾವನ ಕಾಲು ಕುರ್ಚಿಯಿಂದ ತಾನಾಗಿ ಕೆಳಗಿಳಿಯಿತು. ಎಷ್ಟೋ ವರ್ಷಗಳ ರೂಢಿ, ಅವನು ಬಗ್ಗಲು ಹೊರಟ.

“ಬಗ್ಗಬ್ಯಾಡ,” ಎಂದ ಅಣ್ಣ. “ಪಾತ್ರ ಕೆಡತೈತಿ.”

ಮೇಲೆ ತೂಗುಬಿಟ್ಟಿದ್ದ ಮೈಕು ಆ ಮಾತನ್ನು ಇಡೀ ಊರಿಗೆ ಕೇಳಿಸಿತು. ಅಣ್ಣ ಟವೆಲ್ ಬಿಡಿಸಿ ಅವನ ಹೆಗಲಿಗೆ ಹಾಕಿದ. ನನ್ನ ಪಕ್ಕದ ಮೈಕಿನವನು ಎಂದಿನಂತೆ, “ಪಾತ್ರ ಮೆಚ್ಚಿ, ಊರಿನ ಒಬ್ಬ” ಎಂದು ಶುರು ಮಾಡುವಷ್ಟರಲ್ಲಿ ಅಣ್ಣ ಕೈ ಎತ್ತಿ ತಡೆದ. ಜನರ ಕಡೆ ತಿರುಗಲಿಲ್ಲ. ತಮ್ಮನನ್ನೇ ನೋಡುತ್ತ, “ಒನ್ಸ್ ಮೋರ್” ಎಂದ.

ಜನ ನಕ್ಕರು. ಹಾಡಿಗೆ ಒನ್ಸ್ ಮೋರ್ ಕೇಳುವುದುಂಟು, ಒಳ್ಳೆಯ ಮಾತಿಗೂ ಉಂಟು. ಆದರೆ ಕೇಳಿದವನು ರಂಗದ ಮೇಲೆಯೇ, ಎದುರಿನಲ್ಲೇ ನಿಂತಿದ್ದ, ಇಳಿಯಲಿಲ್ಲ. ನಗು ತಾನಾಗಿ ನಿಂತಿತು.

ಭಾವ ಕಾಲನ್ನು ಮತ್ತೆ ಕುರ್ಚಿಗಿಟ್ಟ. ಡೇರಿಯವರ ಕಡೆ ನೋಡಲಿಲ್ಲ. “ಈ ಮನೆ ನನ್ನದು. ಈ ಹೊಲ ನನ್ನದು,” ಎಂದು ನಾಟಕದ ಭಾಷೆಯಲ್ಲೇ ಹೊರಟ. ನಡುವೆ ದಾರಿ ತಪ್ಪಿತು. “ಕೆರಿದಂಡಿ ಹೊಲ ನಂದು. ಅಪ್ಪ ಇದ್ದಾಗಿಂದ ಅದರಾಗ ನಾ ದುಡದೀನಿ. ಹಿರ್ಯಾರು ಕೊಟ್ರಂತ ತಗೊಂಡಿಲ್ಲ, ನಂಗ ಬೇಕಿತ್ತು, ತಗೊಂಡೆ. ನಡಿ ಹೊರಗ, ಅಣ್ಣಾ.”

ಇದು ಮಾಸ್ತರರು ಬರೆದದ್ದಲ್ಲ. ಹಾರ್ಮೋನಿಯಂ ನಿಂತಿತ್ತು. ಅಣ್ಣ ತಲೆಯಾಡಿಸಿದ. ಸಿಟ್ಟಿನದಲ್ಲ, ಒಪ್ಪಿಗೆಯದೂ ಅಲ್ಲ. ಬಹಳ ಹೊತ್ತು ಕಾದ ಬಸ್ಸು ದೂರದಲ್ಲಿ ಕಂಡಾಗ ನಾವು ತಲೆಯಾಡಿಸುತ್ತೇವಲ್ಲ, ಆ ಥರ. ಮೆಟ್ಟಿಲಿಳಿದು ಬೇಲಿಯ ಕಡೆ ಹೋದ. ನಾಟಕ ಮುಂದುವರಿಯಿತು. ಡೇರಿಯವರು ಗಂಟು ಎತ್ತಿಕೊಂಡು ಅಣ್ಣನೋ ಮಾವನೋ ಆಗಿ ಹೊರಗೆ ನಡೆದರು. ಕೊನೆಯಲ್ಲಿ ತರುಣ ನಾಯಕ ಭಾವನನ್ನು ಹೊಡೆದು ಕೆಡವಿದಾಗ ಜನ ನಾಯಕನಿಗೇ ಬೈದರು. ಹೊಗೆಯೊಳಗೆ ಭಾವ ಸತ್ತು ಬಿದ್ದಿದ್ದ, ಹೆಗಲ ಮೇಲೆ ಟವೆಲ್ ಹಾಗೇ ಇತ್ತು.

ಸಾಮಾನು ಬಿಚ್ಚಿಸುವಾಗ ಅಕ್ಕ ಬಂದಳು. “ಟವೆಲ್ ಬಂತಲ್ಲಕ್ಕಾ” ಎಂದೆ. “ಬಂತು” ಎಂದಳು. “ಒಳ್ಳೇದಾತೋ ಕೆಟ್ಟದಾತೋ?” ಎಂದಳು. ಊರಿಗೆಲ್ಲ ಸಲಹೆ ಕೊಡುವ ನಾನು, “ಬೆಳಗಾಗ್ಲಿ” ಎಂದೆ.

ಆಮೇಲೆ ಒಂದೆರಡು ದಿನಕ್ಕೆ ಹುಲೇಕಲ್ಲಿನ ಕಡೆ ಒಂದು ಸಭೆಗೆ ಕುರ್ಚಿ ಇಳಿಸುತ್ತಿದ್ದೆ. ಮತ್ತೆ ಅಕ್ಕನ ಫೋನು.

“ಲಗೂನ ಬಾ ತಮ್ಮಾ. ಅಣ್ಣಾ ತಮ್ಮಾ ಜಗಳಾಡಾಕತ್ಯಾರ. ಮುಂಜಾನೆ ನಾಷ್ಟಾ ಆದಾಗಿಂದ.”

“ಹೊಡದಾಡಾಕತ್ಯಾರೇನು?”

“ಇಲ್ಲ. ಕುಂತಾರ.”

“ನೀ ಅಳಾಕತ್ತಿಯೋ ನಗಾಕತ್ತಿಯೋ?”

“ನಂಗೂ ತಿಳೀವಲ್ದು. ನೀ ಬಾ.”

ಕೆಲಸ ಆಳುಗಳಿಗೆ ವಹಿಸಿ ಓಡಿದೆ. ದಾರಿಯುದ್ದಕ್ಕೂ ಒಪ್ಪಂದದ ಮಾತು ಹೆಣೆದುಕೊಂಡೆ. ಕೆರೆದಂಡೆಯ ಹೊಲದಲ್ಲಿ ಒಂದು ಪಾಲು ಬಿಡಿಸುವುದು, ಇಲ್ಲವೇ ಬದಲಿಗೆ ಮೇಲಿನ ಗದ್ದೆ. ಇಂಥ ವ್ಯವಹಾರ ನನಗೆ ನೀರು ಕುಡಿದಷ್ಟು ಸುಲಭ.

ಹೋಗಿ ನೋಡಿದರೆ ಇಬ್ಬರೂ ಅಣ್ಣನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ನಡುವೆ ಅನಾನಸು ಹೆಚ್ಚಿದ ತಟ್ಟೆ. ಭಾವನ ಹೆಗಲ ಮೇಲೆ ಹಸಿರು ಅಂಚಿನ ಟವೆಲ್.

“ನಿನಗ ಬೇಕಿತ್ತು ಅಂದ್ರ ಅವತ್ತ ಹೇಳಬೇಕಿತ್ತು,” ಅಣ್ಣ ಕೂಗುತ್ತಿದ್ದ. “ಕೈ ಮುಗದು ಕುಂತಿ. ನಾ ಯಾರ ಕೂಡ ಜಗಳಾಡ್ಲಿ? ಹಿರ್ಯಾರ ಕೂಡೋ?”

“ಹೇಳಿದ್ರ ಬಿಟ್ಟು ಕೊಡ್ತಿದ್ದೇನು?”

“ಬಿಡ್ತಿದ್ದೆನೋ ಇಲ್ಲೋ, ನಾಲ್ಕು ಮಾತಾದ್ರೂ ಬೈತಿದ್ದೆ. ಬೈಯಾಕೂ ಬಿಡಲಿಲ್ಲ ನೀ.”

“ಈಗ ಬೈ.”

“ಬೈಯಾಕತ್ತೀನಲ್ಲ.”

ನಾನು ನಡುವೆ ಕುಳಿತು ಗಂಟಲು ಸರಿಮಾಡಿಕೊಂಡೆ. “ನೋಡ್ರಿ ಅಣ್ಣಾರ, ಒಂದು ಮಾತು. ಆ ಹೊಲಕ್ಕ ಬದಲಿ ಮ್ಯಾಲಿನ ಗದ್ದಿ…”

“ನೀ ಸುಮ್ನ ಕುಂದರಪಾ,” ಎಂದ ಭಾವ, ಖಳನ ದನಿಯಲ್ಲೇ.

“ಹೊಲ ಯಾರು ಕೇಳಿದ್ರು ಇಲ್ಲಿ?” ಎಂದ ಅಣ್ಣ. “ಹಣ್ಣು ತಿನ್ರಿ.”

ಹಣ್ಣು ತಿನ್ನುತ್ತ ಕುಳಿತೆ. ಬಾಯಿ ನೋಡುವುದು ಬಿಟ್ಟು ಕೈ ನೋಡಿದೆ, ನನ್ನ ಹಳೆಯ ವಿದ್ಯೆ. ಭಾವ ಟವೆಲನ್ನು ಎಡ ಹೆಗಲಿನಿಂದ ಬಲಕ್ಕೆ ಹಾಕಿಕೊಂಡ. ಒಪ್ಪಿದ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಎಡಕ್ಕೆ ಹಾಕಿದ, ದನಿ ಇನ್ನೂ ಏರಿತು. ಅಣ್ಣನೂ ತಲೆಯ ಸುತ್ತು ಬಿಚ್ಚಿ ಹೆಗಲಿಗೆ ಹಾಕಿದ, ತೆಗೆದ, ಮತ್ತೆ ತಲೆಗೆ ಸುತ್ತಿದ. ಇಬ್ಬರಿಗೂ ಒಪ್ಪಂದ ಬೇಕಾಗಿರಲಿಲ್ಲ. ಬೇಕಾದ್ದು ಏನೆಂದು ನನ್ನ ಲೆಕ್ಕಕ್ಕೆ ಸಿಗಲಿಲ್ಲ. ಇಷ್ಟು ವರ್ಷ ಆ ಒಳ್ಳೆಯ ಮುಖ ನೋಡಿ ಮೆಚ್ಚಿದ್ದು ನಾವು, ಅದಕ್ಕೆ ಬೆಲೆ ಕಟ್ಟಿ ಬಳಸಿದ್ದು ನಾನು. ಟವೆಲ್ ಹಾಕಿದವನು ಮಾತ್ರ ಅದನ್ನು ಮೆಚ್ಚಿರಲೇ ಇಲ್ಲವೇನೋ. ಹಾಗಾದರೆ ಪ್ರತಿವರ್ಷ ಹತ್ತಿದ್ದು ಯಾಕೆ? ಅಲ್ಲೇ ಕೇಳಬಹುದಿತ್ತು. ಕೇಳಲು ಸಂದು ಸಿಗಲಿಲ್ಲ, ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು.

ಒಳಗಿನಿಂದ ಅಕ್ಕ ಮತ್ತು ಅವಳ ವಾರಗಿತ್ತಿ ಒಂದೇ ತಟ್ಟೆಯಲ್ಲಿ ಚಾ ತಂದರು. ನಾನು ಕುಡಿದು ಎದ್ದೆ. ಹುಲೇಕಲ್ಲಿನ ಕುರ್ಚಿ ನೆನಪಾಯಿತು. ಲಾರಿ ಹತ್ತುವಾಗ ಅಣ್ಣ ಜಗಳ ನಿಲ್ಲಿಸಿ ನನ್ನನ್ನು ಕೂಗಿದ.

“ಸಾವ್ಕಾರ್ರ, ಆ ಮಾಸ್ತರ ನಿಮ್ಮ ಮಾತು ಕೇಳ್ತಾನಂತಲ್ಲ. ಮುಂದಿನ ವರ್ಷ ಇವಂಗ ಹೀರೋ ಪಾರ್ಟ್ ಕೊಡಬ್ಯಾಡಂತ ಹೇಳ್ರಿ.”